ಜಂಬನಿಗೆ ಹೇಳಿದ ಮಾತುಗಳು

"ಅವಸರ ಇಲ್ಲ ಮಹರಾಯ... ನಿನ್ನ ಕಾಲು, ನಿನ್ನ ಇಷ್ಟ. ನಿಧಾನಕ್ಕೆ ಏಳು."

ಆ ದನಿ!

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಒಂದು ಕೈಯಲ್ಲಿ ಜಂಬನ ಕೊರಳಪಟ್ಟಿ. ಇನ್ನೊಂದು ಕೈಯಲ್ಲಿ ಅವನ ಹೊಟ್ಟೆಯಡಿ ಹಾಯಿಸಿ, ಸೊಂಟವನ್ನು ಎತ್ತಿ ಹಿಡಿದಿದ್ದ ಅಗಲ ಪಟ್ಟಿ. ಸೋಫಾದ ಸೀಟಿನ ಕೆಳಗೆ ಹೆಣೆಯುತ್ತಾರಲ್ಲ, ಅದೇ ಪಟ್ಟಿ. ಸೋಫಾ ಹೊಲಿಯುವವಳ ಮನೆಯ ನಾಯಿಗೆ ಇನ್ನೆಂಥ ಪಟ್ಟಿ ಸಿಕ್ಕೀತು? ಎರಡು ಪದರ ಮಾಡಿ, ನಡುವೆ ಸ್ಪಂಜು ಇಟ್ಟು ಅವಳೇ ಹೊಲಿದದ್ದು. ಎರಡು ತಿಂಗಳಿಂದ ಜಂಬನ ಹಿಂಗಾಲುಗಳು ಆ ಪಟ್ಟಿಯಿಲ್ಲದೆ ನಿಲ್ಲುತ್ತಿರಲಿಲ್ಲ.

ಪ್ರಾಣಿಗಳ ಆಸ್ಪತ್ರೆಯ ಹಿಂಬದಿಯ ಉದ್ದನೆಯ ಕೋಣೆ ಅದು. ಗೋಡೆಯಿಂದ ಗೋಡೆಗೆ ರಬ್ಬರಿನ ಚಾಪೆ, ಮೂಲೆಯಲ್ಲಿ ದೊಡ್ಡದೊಂದು ಚೆಂಡು, ನೆಲಕ್ಕೆ ತಾಕಿದಂತೆ ಸಾಲಾಗಿ ಇಟ್ಟ ಕೋಲುಗಳು. ಬಾಗಿಲಿಗೆ ಬೆನ್ನು ಹಾಕಿ ಮಂಡಿಯೂರಿದ್ದ ಗಂಡಸೊಬ್ಬ, ಒಂದು ದಢೂತಿ ಬಿಳಿ ನಾಯಿಯನ್ನು ಎಬ್ಬಿಸುತ್ತಿದ್ದ. ಕತ್ತಿನ ಹತ್ತಿರ ಕೂದಲು ನರೆತಿತ್ತು.

'ಇಲ್ಲ... ಅವನಾಗಿರಲಾರ. ಒಬ್ಬರಂಥ ದನಿ ಇನ್ನೊಬ್ಬರಿಗೆ ಇರಬಾರದೇ? ಡಾಕ್ಟರಮ್ಮ ವ್ಯಾಯಾಮದ ಮೇಷ್ಟ್ರು ಅಂದಿದ್ದರಷ್ಟೇ. ಇವನು ಯಾರೋ ಮೇಷ್ಟ್ರು...'

ಅವಳು ಹಾಗೆ ತನ್ನನ್ನು ನಂಬಿಸಿಕೊಳ್ಳುತ್ತಿರುವಾಗಲೇ ಜಂಬನ ಮೂಗು ಮೇಲೆದ್ದಿತು. ಒಮ್ಮೆ ಗಾಳಿ ಎಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ. ತಿಂಗಳುಗಟ್ಟಲೆ ಜೋತುಬಿದ್ದಿದ್ದ ಬಾಲ ಪಟಪಟ ಬಡಿಯತೊಡಗಿತು. ಪಟ್ಟಿಯನ್ನು ಜಗ್ಗಿ, ಅವಳ ಕೈಯಿಂದ ತಪ್ಪಿಸಿಕೊಂಡು, ಬಲವಿಲ್ಲದ ಕಾಲಿನಲ್ಲಿ ಓಡಲು ಹೋಗಿ ಧೊಪ್ಪನೆ ಬಿದ್ದ.

ಆ ಮನುಷ್ಯ ತಿರುಗಿದ. ಎರಡೇ ಹೆಜ್ಜೆಗೆ ಬಂದು ಜಂಬನ ಸೊಂಟವನ್ನು ಎರಡೂ ಕೈಯಲ್ಲಿ ಆತುಕೊಂಡ.

ಅವನೇ!

"ಜಂಬ... ಜಂಬ, ನೀನೇನೋ ಇದು?"

ಜಂಬ ಅವನ ಮುಖ, ಕಿವಿ, ಕನ್ನಡಕ ಎಲ್ಲವನ್ನೂ ನೆಕ್ಕಿದ. ಅವನು ತಲೆ ಎತ್ತಲೇ ಇಲ್ಲ. ನಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡೇ ಕೇಳಿದ:

"ನಿನ್ನ ಕರ್ಕೊಂಡು ಬಂದೋರು... ಚೆನ್ನಾಗಿದ್ದಾರೇನೋ?"

ಇಲ್ಲೇ ನಿಂತಿದ್ದೇನೆ, ನನ್ನನ್ನೇ ಕೇಳಬಾರದೇ ಎನ್ನಬೇಕಿತ್ತು ಅವಳು. ಆದರೆ ಬಾಯಿಂದ ಬಂದದ್ದು ಹಳೆಯ ರೂಢಿಯ ಮಾತು.

"ಚೆನ್ನಾಗಿದ್ದಾರೆ ಅಂತ ಹೇಳು ಜಂಬ. ಅವರು ಹೇಗಿದ್ದಾರೆ ಅಂತಾನೂ ಕೇಳು."

ಕೌಂಟರಿನಲ್ಲಿ ಕೂರುವ ಅಕ್ಕ ಬಾಗಿಲಿಗೆ ಬಂದು ಇವರಿಬ್ಬರನ್ನೂ ಪಿಳಿಪಿಳಿ ನೋಡಿದರು. "ಏನ್ ಮೇಷ್ಟ್ರೇ, ಪರಿಚಯದೋರಾ?"

"ಹ್ಞಾ... ನಾಯಿ ಪರಿಚಯ," ಎಂದ ಅವನು.

'ನಾಯಿ ಪರಿಚಯವಂತೆ!' ಅವಳು ನೆಲಕ್ಕೆ ಬಿದ್ದಿದ್ದ ಪಟ್ಟಿಯನ್ನು ಎತ್ತಿಕೊಂಡು, ಇಲ್ಲದ ಧೂಳನ್ನು ಕೊಡವಿದಳು.

*

ಹಳೆಯದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸ್ವಲ್ಪ ಹಿಂದಕ್ಕೆ ಬನ್ನಿ.

ಆಗ ಅವಳಿಗೆ ಇಪ್ಪತ್ತೈದು. ಬೀದಿಗೆ ಮುಖ ಮಾಡಿ ಅಪ್ಪನ ಸೋಫಾ ಅಂಗಡಿ, ಅದರ ಹಿಂದೆ ಮನೆ, ಮೇಲೆ ತಾರಸಿಯಲ್ಲಿ ಒಂದೇ ಒಂದು ಕೋಣೆ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ತಾರಸಿಯ ಕೋಣೆಗೆ ಬಾಡಿಗೆಗೆ ಬಂದವನು ಅವನು. ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಯುತ್ತಿದ್ದ. ಅಪ್ಪ ಅವನಿಗೆ 'ಮೇಲ್ಮನೆ ಹುಡುಗ' ಎಂದು ಹೆಸರಿಟ್ಟರು.

ಮೇಲ್ಮನೆ ಹುಡುಗ ಬಾಯಿಬಿಟ್ಟರೆ ಮುತ್ತು ಉದುರೀತು ಎನ್ನುವ ಜಾತಿ. ಅವಳೋ, ಗಿರಾಕಿಗಳ ಜೊತೆ ಅರಳು ಹುರಿದಂತೆ ಮಾತಾಡುವವಳು. ಆದರೆ ಅವನು ಮೆಟ್ಟಿಲಿಳಿದು ಬಂದರೆ ಅವಳಿಗೂ ನಾಲಿಗೆ ಒಣಗುತ್ತಿತ್ತು. ಹೀಗೇ ಒಂದು ವರ್ಷ ಇಬ್ಬರೂ ಮೆಟ್ಟಿಲಲ್ಲಿ ಎದುರಾದರು, ಪಕ್ಕಕ್ಕೆ ಸರಿದು ದಾರಿ ಬಿಟ್ಟುಕೊಂಡರು, ಅಷ್ಟೇ.

ಆಮೇಲೆ ಜಂಬ ಬಂದ.

ಒಂದು ಬೆಳಿಗ್ಗೆ ಅಂಗಡಿಯ ಹಿಂದಿನ ಹಳೆ ಸ್ಪಂಜಿನ ರಾಶಿಯೊಳಗೆ ಕುಂಯ್ ಎಂಬ ಸದ್ದು. ಇಬ್ಬರೂ ಒಟ್ಟಿಗೆ ಕೈ ಹಾಕಿದರು, ಕಂದು ಬಣ್ಣದ ಮುಷ್ಟಿಗಾತ್ರದ ಮರಿ ಸಿಕ್ಕಿತು. "ಸಂಜೆಯೊಳಗೆ ಇದು ಇಲ್ಲಿರಕೂಡದು," ಎಂದು ಗುಡುಗಿದ ಅಪ್ಪ, ಸಂಜೆಯಾಗುವಷ್ಟರಲ್ಲಿ ತಾವೇ ಅದಕ್ಕೊಂದು ದಿಂಬು ಹೊಲಿದಿದ್ದರು. ಕಣ್ಣು ಪೂರ್ತಿ ಬಿಡುವ ಮೊದಲೇ ಮರಿ ಬಾಲ ನೆಟ್ಟಗೆ ಮಾಡಿಕೊಂಡು ಅಂಗಡಿ ಸುತ್ತಿತು. "ಏನ್ ಜಂಬ ನೋಡು ಇದಕ್ಕೆ!" ಎಂದರು ಅಪ್ಪ. ಅದೇ ಹೆಸರಾಯಿತು.

ಅವತ್ತಿನಿಂದ ಇಬ್ಬರಿಗೂ ಮಾತು ಬಂತು. ಅಂದರೆ, ಜಂಬನ ಮೂಲಕ.

"ಜಂಬ, ನಿನ್ನ ಯಜಮಾನಿಗೆ ಹೇಳು, ತಲೆ ಮೇಲೆ ಹಳದಿ ದಾರ ಅಂಟಿದೆ ಅಂತ."

"ಮೇಲ್ಮನೆಯವರಿಗೆ ಹೇಳು ಜಂಬ, ಅವರ ಅಂಗಿ ಗುಂಡಿ ಕಿತ್ತುಹೋಗಿದೆ ಅಂತ. ಕೊಟ್ರೆ ಹಾಕಿಕೊಡ್ತಾರಂತೆ."

"ಯಾರಂತೆ ಹಾಕಿಕೊಡೋರು?"

"ಯಾರೋ ಒಬ್ಬರು ಅಂತ ಹೇಳು!"

ಸಂಜೆ ತಾರಸಿಯ ಮೇಲೆ, ಬಿಸಿಲಿಗೆ ಕಾದ ನೆಲದಲ್ಲಿ ಮೂವರೂ ಕೂರುತ್ತಿದ್ದರು. ಪಕ್ಕದ ಮನೆಯ ರೇಡಿಯೋ ಅರ್ಧ ಕೇಳಿಸುತ್ತಿತ್ತು. ಒಗೆದ ಬಟ್ಟೆಗಳು ತಲೆಯ ಮೇಲೆ ಹಾರಾಡುತ್ತಿದ್ದವು. ಅವನು ಮಾತಾಡಿದರೆ ಜಂಬ ಅತ್ತ ತಿರುಗುತ್ತಿದ್ದ, ಅವಳು ಮಾತಾಡಿದರೆ ಇತ್ತ. ಇಬ್ಬರೂ ಸುಮ್ಮನಾದರೆ ಮಾತ್ರ ಯಾರ ಮುಖ ನೋಡಬೇಕೆಂದು ತಿಳಿಯದೆ ಆಕಳಿಸುತ್ತಿದ್ದ. ಆ ಒಂದು ವರ್ಷದಷ್ಟು ಸಂತೋಷವನ್ನು ಅವಳು ಮುಂದೆಂದೂ ಕಾಣಲಿಲ್ಲ.

ಅವನಿಗೆ ದೂರದ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ಸಂಜೆ ಜಂಬನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ:

"ಜಂಬ... ನಿನ್ನ ಯಜಮಾನಿಗೆ ನನ್ನ ಜೊತೆ ಬಾಳೋ ಮನಸ್ಸಿದ್ರೆ, ನಾಳೆ ನಿನ್ನ ಸ್ಟೇಷನ್ನಿಗೆ ಕರ್ಕೊಂಡು ಬರ್ಲಿ. ನೀನು ಕಂಡ್ರೆ ಹ್ಞೂಂ ಅಂದ್ಕೋತೀನಿ. ಕಾಣ್ಲಿಲ್ಲ ಅಂದ್ರೆ... ಮತ್ತೆ ಕೇಳೋಕೆ ಬರಲ್ಲ ಕಣೋ. ತೊಂದ್ರೆ ಕೊಡಲ್ಲ."

ಅವಳು ನಾಚಿಕೆಯಿಂದ ಮೆಟ್ಟಿಲಿಳಿದು ಓಡಿದಳು. ಉತ್ತರವೇನೆಂದು ಜಂಬನಿಗೂ ಗೊತ್ತಿತ್ತು!

ಮರುದಿನ ಅವಳು ಹೊಸ ಬಟ್ಟೆ ಉಟ್ಟು, ಜಂಬನ ಕೊರಳಿಗೆ ಹೊಸ ಪಟ್ಟಿ ಹಾಕಿದಳು. ಸುತ್ತಾಡಲು ಹೋಗುವ ಸಂಭ್ರಮಕ್ಕೆ ಜಂಬ ಅಂಗಡಿ ತುಂಬ ಕುಣಿದ. ಮಗುಚಿಟ್ಟಿದ್ದ ಸೋಫಾದ ಚೌಕಟ್ಟಿನ ಮೇಲೆ ಹಾರಿದ. ಹೆಣೆದ ಪಟ್ಟಿಗಳ ನಡುವೆ ಎಡಗಡೆಯ ಹಿಂಗಾಲು ಸಿಕ್ಕಿಕೊಂಡು, ಮೈ ಆ ಕಡೆ ಬಿದ್ದು, ಮಂಡಿ ತಿರುಚಿತು. ಅವನ ಕೂಗಿಗೆ ಬೀದಿಯ ಜನ ಅಂಗಡಿ ಬಾಗಿಲಿಗೆ ಬಂದರು.

"ನಾನು ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ," ಎಂದರು ಎಲ್ಲ ತಿಳಿದಿದ್ದ ಅಪ್ಪ. "ನೀನು ಓಡು ಮಗಳೇ! ರೈಲು ಯಾರ್ಗೂ ಕಾಯಲ್ಲ."

ಅವಳು ಓಡಿದಳು. ನಿಲ್ದಾಣ ಸೇರುವಾಗ ರೈಲು ಹೊರಟಿತ್ತು. ಅವನು ಬೋಗಿಯ ಬಾಗಿಲಲ್ಲೇ ನಿಂತಿದ್ದ. ಅವಳನ್ನು ಕಂಡ. ಖಂಡಿತ ಕಂಡ! ಅವನ ಕಣ್ಣು ಅವಳ ಕಾಲಬಳಿ ಏನನ್ನೋ ಹುಡುಕಿತು. ಅವಳು ಕೈ ಎತ್ತುವಷ್ಟರಲ್ಲಿ ಅವನು ಮುಖ ತಿರುಗಿಸಿ ಒಳಗೆ ಹೋದ.

ಜಂಬ ಯಾಕೆ ಬರಲಿಲ್ಲ ಎಂದು ಕೇಳಲು ಸಂಜೆ ಫೋನ್ ಮಾಡಿಯೇ ಮಾಡುತ್ತಾನೆ ಎಂದು ಕಾದಳು. ಮಾಡಲಿಲ್ಲ. ಮರುದಿನವೂ ಇಲ್ಲ, ಮರುವಾರವೂ ಇಲ್ಲ. 'ದುಡುಕಿ ಕೇಳಿಬಿಟ್ಟೆ ಅನ್ನಿಸಿರಬೇಕು. ತಪ್ಪಿಸಿಕೊಳ್ಳೋಕೆ ನಾಯಿ ಬರದಿದ್ದುದೇ ನೆಪವಾಯಿತು,' ಎಂದುಕೊಂಡಳು.

ಅವಳೇ ಫೋನ್ ಮಾಡಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳುತ್ತೇನೆ. ಆದರೆ ನಾಯಿಯ ನೆಪವಿಲ್ಲದೆ ಒಂದು ವಾಕ್ಯ ಆಡಲು ಬಾರದ ಜೋಡಿಗೆ ಫೋನ್ ತಾನೇ ಏನು ಮಾಡೀತು? ಜಂಬನನ್ನಂತೂ ಫೋನಿನಲ್ಲಿ ಮಾತಾಡಿಸುವಂತಿರಲಿಲ್ಲ.

ಆಮೇಲೆ ಸಂಬಂಧಗಳು ಬಂದವು. ಬಂದವರೆದುರು ಅವಳು ಜಂಬನನ್ನು ಬಿಡುತ್ತಿದ್ದಳು. ಅವನು ಬೊಗಳಿದರೆ ಬೇಡ ಎನ್ನುತ್ತಿದ್ದಳು. ಬೊಗಳದಿದ್ದರೂ ಬೇಡ ಎನ್ನುತ್ತಿದ್ದಳು. ಹೀಗೇ ಹನ್ನೆರಡು ವರ್ಷ ಕಳೆಯಿತು.

*

"ಹದಿಮೂರು ವರ್ಷದ ಜೀವ. ಆಪರೇಷನ್ ಬೇಡ," ಎಂದಿದ್ದರು ಡಾಕ್ಟರಮ್ಮ. "ಹೊಸದಾಗಿ ಬಂದಿರೋ ವ್ಯಾಯಾಮದ ಮೇಷ್ಟ್ರ ಕೈಗೆ ಒಪ್ಪಿಸೋಣ. ಕಾಲಿಗೆ ಬಲ ಬಂದ್ರೆ ಒಳ್ಳೇದು. ಬರ್ಲಿಲ್ಲ ಅಂದ್ರೆ ಅವನನ್ನ ನರಳೋಕೆ ಬಿಡಬಾರದಮ್ಮ..." ಆ ಮಾತಿನ ಅರ್ಥ ಅವಳಿಗೆ ಆಗಿತ್ತು. ಹಾಗಾಗಿ ಯಾರೇ ಮೇಷ್ಟ್ರಾಗಿರಲಿ, ಅವಳು ಬರಲೇಬೇಕಿತ್ತು.

ಅವನು ಮೊದಲು ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಜಂಬನ ತೊಡೆಗಳ ಮೇಲಿಟ್ಟ. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ನೀವಿದ. ಆ ಕೈಗಳು ಬದಲಾಗಿರಲಿಲ್ಲ. ಅವಳು ಬೇರೆಡೆ ನೋಡಿದಳು.

"ಜಂಬ, ನಿನ್ನ ಯಜಮಾನಿಗೆ ಹೇಳು, ತೊಡೆ ಕೆಳಗೊಂದು ಕೈ, ಪಾದದ ಹತ್ರ ಒಂದು ಕೈ. ಸೈಕಲ್ ತುಳಿದ ಹಾಗೆ ಮಡಿಸಿ, ಚಾಚಬೇಕು. ಎಳೀಬಾರ್ದು. ಕಾಲು ತಾನಾಗಿ ಎಷ್ಟು ಬರುತ್ತೋ ಅಷ್ಟೇ."

"ಹೀಗಾ ಅಂತ ಕೇಳು ಜಂಬ."

"ಇನ್ನೂ ಸ್ವಲ್ಪ ಕೆಳಗೆ ಅಂತ ಹೇಳು."

ಮುಂದಿನದು ಕೂತು ಏಳುವ ಪಾಠ. ಬಿಸ್ಕತ್ತನ್ನು ಮೂಗಿನ ಮುಂದೆ ಹಿಡಿದು ನಿಧಾನವಾಗಿ ಮೇಲೆತ್ತಿದರೆ ಜಂಬ ಅದರ ಹಿಂದೆಯೇ ಏಳಬೇಕು. ನಾಲ್ಕಾರು ಸಲ ಅಷ್ಟೇ, ತೊಡೆ ನಡುಗಿದರೆ ಅಲ್ಲಿಗೇ ಬಿಡಬೇಕು. ಬೀಳದಂತೆ ಹೊಟ್ಟೆಯಡಿ ಇಬ್ಬರೂ ಕೈ ಕೊಡಬೇಕಿತ್ತು. ಆ ಕಡೆಯಿಂದ ಅವನ ಕೈ, ಈ ಕಡೆಯಿಂದ ಅವಳ ಕೈ. ಜಂಬನ ಬೆಚ್ಚನೆಯ ಹೊಟ್ಟೆಯ ಕೆಳಗೆ ಬೆರಳಿಗೆ ಬೆರಳು ತಾಕಿತು. ತೆಗೆದರೆ ಜಂಬ ಬೀಳುತ್ತಾನೆ! ಇಬ್ಬರೂ ತೆಗೆಯಲಿಲ್ಲ.

"ಎಡಗಾಲು ತುಂಬಾ ಸೊರಗಿದೆ," ಎಂದ ಅವನು ಸ್ವಲ್ಪ ಹೊತ್ತಿನ ಮೇಲೆ. "ಮಂಡಿ ದಪ್ಪಗಿದೆ. ಹಳೇ ಪೆಟ್ಟಾ ಅಂತ ಕೇಳು ಜಂಬ."

"ಹಳೇದು ಅಂತ ಹೇಳು."

"ಎಷ್ಟು ಹಳೇದಂತೆ?"

"ನೆನಪಿಲ್ಲ ಅಂತ ಹೇಳು."

ಸುಳ್ಳು! ಆ ದಿನದ ಒಂದೊಂದು ಗಳಿಗೆಯೂ ನೆನಪಿತ್ತು. ಆದರೆ ರೈಲಿನ ಬಾಗಿಲಲ್ಲಿ ಮುಖ ತಿರುಗಿಸಿದವನಿಗೆ ಅದನ್ನೆಲ್ಲ ಯಾಕೆ ಹೇಳಬೇಕು?

ನಯವಾದ ನೆಲದಲ್ಲಿ ಎಂಥ ಕಾಲಾದರೂ ಹೆದರುತ್ತದೆ ಎಂದು ಅವನು ಹೇಳಿಕಳಿಸಿದ್ದ. ಅವಳು ಅಂಗಡಿಯಲ್ಲಿ ಉಳಿದಿದ್ದ ಹಿಂಬದಿಗೆ ರಬ್ಬರ್ ಅಂಟಿಸಿದ ಬಟ್ಟೆಯನ್ನು ಅಡುಗೆಮನೆಯವರೆಗೂ ಹಾಸಿದಳು. "ಮನೇನಾ ಇದು, ಸೋಫಾನಾ?" ಎಂದು ಗೊಣಗಿದ ಅಪ್ಪ ಎರಡು ದಿನ ಬಿಟ್ಟು, "ಒಳ್ಳೇದೇ ಆಯ್ತು ಬಿಡು, ನಾನೂ ಜಾರ್ತಾ ಇಲ್ಲ," ಎಂದರು.

ಮುಂಗಾಲು ಇಟ್ಟು ನಿಲ್ಲಿಸಲು ಅವಳೇ ದಿಂಬುಗಳನ್ನು ಮಾಡಿದಳು. ಒಂದು ಗಟ್ಟಿ, ಒಂದು ಮೆತ್ತಗೆ, ಒಂದು ಕೈಯಿಟ್ಟರೆ ಹೂತುಹೋಗುವಂಥದ್ದು. ಮುಂಗಾಲು ದಿಂಬಿನ ಮೇಲೇರಿದರೆ ಮೈಭಾರ ಹಿಂಗಾಲಿಗೆ ಬೀಳುತ್ತದೆ, ಅದೇ ವ್ಯಾಯಾಮ. ಅವನು ಒಂದೊಂದನ್ನೂ ಅಂಗೈಯಲ್ಲಿ ಒತ್ತಿ ನೋಡಿದ. ಹೊಲಿಗೆಯ ಅಂಚಿನ ಮೇಲೆ ಬೆರಳಾಡಿಸಿದ.

"ಜಂಬ... ನಿನ್ನ ಯಜಮಾನಿ ಮನೇಲಿ ಈಗ ಯಾರ್ಯಾರಿದ್ದಾರೆ?"

"ಅಪ್ಪ ಇದ್ದಾರೆ ಅಂತ ಹೇಳು. ಬೇರೆ... ಯಾರೂ ಇಲ್ಲ." ಅವಳು ದಿಂಬಿನ ಅಂಚಿನ ದಾರವೊಂದನ್ನು ಕಿತ್ತಳು. "ಮೇಷ್ಟ್ರ ಮನೇಲಿ?"

"ಮೀನಿನ ತೊಟ್ಟಿ ಇದೆ ಅಂತ ಹೇಳು. ಮೀನಿಗೆ ಕಾಲಿಲ್ಲ. ಹಾಗಾಗಿ ಮನೇಲಿ ನಂಗೆ ಕೆಲಸ ಇಲ್ಲ."

ಅವಳು ನಕ್ಕುಬಿಟ್ಟಳು. ಎಷ್ಟೋ ವರ್ಷಗಳ ಮೇಲೆ ಹೊಟ್ಟೆಯಿಂದ ಬಂದ ನಗು ಅದು. ಅವನೂ ನಕ್ಕ.

"ಮನುಷ್ಯರಿಗೆ ಮಾಡಿಸ್ತಿದ್ದೋರು ನಾಯಿಗಳ ಹತ್ರ ಯಾಕೆ ಬಂದ್ರಂತೆ?"

"ಮನುಷ್ಯರು ನೋವಾದ್ರೂ ಇಲ್ಲ ಅಂತಾರೆ. ನಾಯಿ ಹಾಗಲ್ಲ ಅಂತ ಹೇಳು."

ಅವಳ ನಗು ನಿಂತಿತು.

*

ವಾರಗಳು ಕಳೆದವು. ಒಂದು ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿದ್ದಾಗ ಕಾಲಿಗೆ ಏನೋ ಒದ್ದೆಯಾಗಿ ತಾಕಿತು. ಜಂಬನ ಮೂಗು! ಪಟ್ಟಿಯಿಲ್ಲ, ಹಿಡಿದವರಿಲ್ಲ. ಮಲಗಿದ್ದಲ್ಲಿಂದ ತಾನೇ ಎದ್ದು, ತೂರಾಡುತ್ತ ಬಂದು ನಿಂತಿದ್ದ.

"ಅಪ್ಪಾ! ಅಪ್ಪಾ, ಬಾ ಇಲ್ಲಿ!"

ಅವಳು ಜಂಬನನ್ನು ಅಪ್ಪಿಕೊಂಡು ಅತ್ತಳು. ಅಪ್ಪ ಕಣ್ಣಿಗೆ ಹತ್ತಿ ಧೂಳು ಬಿತ್ತು ಎನ್ನುತ್ತ ಹೊರಗೆ ಹೋದರು. ಅವತ್ತು ಅಂಗಡಿಯಲ್ಲಿ ಹತ್ತಿಯ ಕೆಲಸವೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಜಂಬ ಕೋಲುಗಳನ್ನು ಒಂದೊಂದಾಗಿ ದಾಟಿದ್ದನ್ನು ಕಂಡು ಅವನೂ ಅರಳಿದ. ಮರುಕ್ಷಣವೇ ಯಾಕೋ ಮಂಕಾಗಿ ಹೇಳಿದ:

"ನಿನ್ನ ಯಜಮಾನಿ ಎಲ್ಲಾ ಕಲಿತಾಯ್ತು ಜಂಬ. ಇನ್ನೊಂದೆರಡು ಸಲ ಬಂದ್ರೆ ಸಾಕು. ಆಮೇಲೆ ಮನೇಲೇ ಮಾಡಿಸ್ಬೋದು."

ಸಾಕು!

ದಾರಿಯುದ್ದಕ್ಕೂ ಆ ಮಾತು ಅವಳನ್ನು ಕುಟುಕಿತು. 'ಮತ್ತೆ ಕಳಿಸ್ತಿದ್ದಾನೆ. ಮತ್ತೆ ಮುಖ ತಿರುಗಿಸ್ತಿದ್ದಾನೆ. ಜಂಬನ ಕಾಲು ಗಟ್ಟಿಯಾದ್ರೆ ನನಗಿನ್ನು ಆ ಬಾಗಿಲಿಲ್ಲ... ಜಂಬ ಇನ್ನೂ ಸ್ವಲ್ಪ ದಿನ ಹೀಗೇ ಇದ್ದಿದ್ರೆ...'

ಆ ಯೋಚನೆ ಬಂದದ್ದೇ ಅವಳು ಬೆಚ್ಚಿದಳು. 'ಛೀ! ಎಂಥ ಪಾಪಿ ನಾನು!'

ತಪ್ಪು ಮಾಡಿದ ಮನಸ್ಸು ಸುಮ್ಮನಿರುತ್ತದೆಯೇ? ಅವತ್ತು ಸಂಜೆ ಅವಳು ಜಂಬನಿಂದ ಎಂದಿಗಿಂತ ಹೆಚ್ಚು ವ್ಯಾಯಾಮ ಮಾಡಿಸಿದಳು. ಅದೂ ಸಾಲದೆಂದು ಮೆಟ್ಟಿಲ ಬಳಿ ಕರೆದೊಯ್ದಳು. ಜಂಬ ಮೇಲೆ ನೋಡಿದ, ಅವಳ ಮುಖ ನೋಡಿದ, ಒಂದೊಂದೇ ಕಾಲೆತ್ತಿ ಹತ್ತಿದ.

ತಾರಸಿಯ ಕೋಣೆಯಲ್ಲಿ ಈಗ ಸ್ಪಂಜಿನ ಮೂಟೆಗಳಿದ್ದವು. ಬಟ್ಟೆ ಒಣಗುವ ತಂತಿ ತುಕ್ಕು ಹಿಡಿದಿತ್ತು. ಜಂಬ ಕೋಣೆಯ ಹೊಸ್ತಿಲನ್ನು ಮೂಸಿ, ಹಿಂದೆ ಮೂವರೂ ಕೂರುತ್ತಿದ್ದ ಜಾಗಕ್ಕೆ ಹೋಗಿ ಮಲಗಿದ. ಅವಳು ಅವನ ಒಂದು ಪಕ್ಕ ಕೂತಳು. ಇನ್ನೊಂದು ಪಕ್ಕದ ನೆಲ ಖಾಲಿಯಾಗಿತ್ತು. ಬಿಸಿಲು ಇಳಿಯುವವರೆಗೂ ಇಬ್ಬರೂ ಅಲ್ಲೇ ಇದ್ದರು.

ಹತ್ತಿದ್ದು ಸರಿ, ಇಳಿಯುವಾಗ ಜಂಬ ಎಡಗಾಲನ್ನು ಎಳೆದ. ಬೆಳಗಾಗುವಷ್ಟರಲ್ಲಿ ಆ ಕಾಲನ್ನು ನೆಲಕ್ಕೂ ತಾಗಿಸುತ್ತಿರಲಿಲ್ಲ.

*

"ಮೆಟ್ಟಿಲಾ?" ಅವನ ದನಿ ಏರಿತು. "ಮೆಟ್ಟಿಲು ಹತ್ತಿಸಿ ಅಂತ ಯಾರು ಹೇಳಿದ್ರು ನಿಮ್ಗೆ?"

ಮೊದಲ ಸಲ ಅವನು ಜಂಬನನ್ನು ಬಿಟ್ಟು ಅವಳನ್ನೇ ಮಾತಾಡಿಸಿದ್ದ. ಅದೂ ಬೈಯಲು!

ಜಂಬನನ್ನು ಮಲಗಿಸಿ, ಎಡ ಮಂಡಿಯನ್ನು ಬೆರಳುಗಳಿಂದ ಸುತ್ತಲೂ ಮುಟ್ಟಿ ನೋಡಿದ.

"ಹಳೇ ಪೆಟ್ಟೇ ಮತ್ತೆ ಊದಿರೋದು. ವಿಶ್ರಾಂತಿ ಕೊಟ್ರೆ ಇಳಿಯುತ್ತೆ. ಆದ್ರೆ ಇದೇನು ಅಂತ ನಂಗೆ ಸರಿಯಾಗಿ ಗೊತ್ತಾಗ್ಬೇಕು. ಒಳಗೆ ಹರಿದು, ತಾನಾಗಿ ಕೂಡಿಕೊಂಡಿರೋ ಮಂಡಿ ಇದು. ಚಿಕ್ಕ ವಯಸ್ಸಲ್ಲೇ ಆಗಿರೋದು. ಆದ್ರೆ ಮರಿಯಾಗಿದ್ದಾಗ ಇವನು ನನ್ನ ಜೊತೆ ತಾರಸಿ ತುಂಬ ಓಡ್ತಿದ್ದ, ಈ ಕಾಲು ನೆಟ್ಟಗಿತ್ತು! ಯಾವಾಗ ಆಯ್ತು? ನೆನಪಿಲ್ಲ ಅನ್ಬೇಡಿ."

"ನೀವು ಹೋದ ದಿನ."

ಅವನ ಬೆರಳುಗಳು ನಿಂತವು.

"ಸ್ಟೇಷನ್ನಿಗೆ ಕರ್ಕೊಂಡು ಬರೋಣ ಅಂತ ಹೊಸ ಪಟ್ಟಿ ಹಾಕಿದ್ದೆ. ಸಂಭ್ರಮ ತಡೀಲಾರದೆ ಸೋಫಾ ಚೌಕಟ್ಟಿನ ಮೇಲೆ ಹಾರಿದ. ಕಾಲು ಸಿಕ್ಕಿಕೊಂಡು ತಿರುಚ್ತು. ಅಪ್ಪ ಇವನನ್ನ ಡಾಕ್ಟರ ಹತ್ರ ಎತ್ಕೊಂಡು ಹೋದ್ರು. ನಾನು... ಒಬ್ಬಳೇ ಓಡಿ ಬಂದೆ."

ಅವನು ಕನ್ನಡಕ ತೆಗೆದ.

"ನೀವೊಬ್ಬರೇ ಬಂದಿದ್ದು ನೋಡಿ... ಇಲ್ಲ ಅಂತ ಎದುರಿಗೇ ಹೇಳೋಕೆ ಬಂದಿದ್ದೀರಿ ಅಂದ್ಕೊಂಡೆ. ಕೇಳಿಸ್ಕೊಳ್ಳೋ ಶಕ್ತಿ ಇರ್ಲಿಲ್ಲ. ಒಳಗೆ ಹೋಗ್ಬಿಟ್ಟೆ. ಅಂದ್ರೆ ನೀವು... ಹ್ಞೂಂ ಅನ್ನೋಕೆ..."

ಹನ್ನೆರಡು ವರ್ಷದ ಗಂಟು ಬಿಚ್ಚಿತು, ಇನ್ನು ಅವಳು ಅವನ ತೋಳಿಗೆ ಬೀಳುತ್ತಾಳೆ ಎಂದುಕೊಂಡಿರಾ? ಇಲ್ಲ. ಅವಳಿಗೆ ಉಕ್ಕಿ ಬಂದದ್ದು ಕೋಪ.

"ನನ್ನ ಮುಖ ನೋಡಿದ್ರೆ ಸಾಕಿತ್ತು ನೀನು!" ಬಹುವಚನ ಎಲ್ಲೋ ಹಾರಿಹೋಗಿತ್ತು. "ಒಂದು ಕಾಲಲ್ಲಿ ಚಪ್ಪಲಿ ಇರ್ಲಿಲ್ಲ, ತಲೆ ಕೆದರಿತ್ತು, ಉಸಿರು ನಿಲ್ತಿರ್ಲಿಲ್ಲ... ಇಲ್ಲ ಅನ್ನೋಕೆ ಯಾರಾದ್ರೂ ಹಾಗೆ ಓಡಿ ಬರ್ತಾರಾ? ನೀನು ನೋಡಿದ್ದು ಪಕ್ಕದಲ್ಲಿ ನಾಯಿ ಇದೆಯಾ ಅಂತ! ಮದುವೆ ಆಗೋಕೆ ಹೊರಟಿದ್ದು ಯಾರನ್ನ? ನನ್ನನ್ನಾ, ನಾಯೀನಾ?"

"ನಾನು..."

"ನನ್ನನ್ನ ಕೇಳ್ಲೇ ಇಲ್ಲ ನೀನು. ಅವತ್ತೂ ಕೇಳ್ಲಿಲ್ಲ. ಇಷ್ಟು ದಿನ ಇಲ್ಲಿಗೆ ಬಂದೆನಲ್ಲ, ಈಗ್ಲೂ ಕೇಳ್ಲಿಲ್ಲ. ಸಾಕು ಅಂತ ಹೇಳಿದೆ, ಅದನ್ನೂ ಜಂಬನಿಗೆ!"

ಅವಳು ಜಂಬನ ಸೊಂಟಕ್ಕೆ ಪಟ್ಟಿ ಹಾಕಿ, ಎತ್ತಿ ಹಿಡಿದು, ಹೊರಟೇಬಿಟ್ಟಳು. ಕೌಂಟರಿನ ಅಕ್ಕ ಬಾಗಿಲು ತೆರೆದು ಹಿಡಿದರು. ಆಮೇಲೆ ಒಳಗೆ ಇಣುಕಿ, "ನಾಯಿ ಪರಿಚಯ ಅಂದಿದ್ರಿ ಮೇಷ್ಟ್ರೇ," ಎಂದರು. ಅವನು ರಬ್ಬರಿನ ಚಾಪೆಯ ಮೇಲೆ ಕೂತೇ ಇದ್ದ.

*

ಜಂಬನ ಊತ ಇಳಿಯಿತು. ಆಸ್ಪತ್ರೆಗೆ ಹೋಗುವ ದಿನ ಬಂತು, ಅವಳು ಹೋಗಲಿಲ್ಲ. ಅಂಗಡಿಯಲ್ಲೇ ಜಂಬನ ಮುಂಗಾಲುಗಳನ್ನು ಗಟ್ಟಿ ದಿಂಬಿನ ಮೇಲಿಟ್ಟು, ಸೊಂಟವನ್ನು ಹಿಡಿದು ನಿಲ್ಲಿಸಿದ್ದಳು. ಅಪ್ಪ ಬಾಯಿ ತುಂಬ ಸಣ್ಣ ಮೊಳೆ ಕಚ್ಚಿಕೊಂಡು ಕುರ್ಚಿಯೊಂದಕ್ಕೆ ಬಟ್ಟೆ ಬಡಿಯುತ್ತಿದ್ದರು.

ಬಾಗಿಲಲ್ಲಿ ನೆರಳು ಬಿತ್ತು.

ಅಪ್ಪ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡರು. "ಯಾರು... ಮೇಲ್ಮನೆ ಹುಡುಗನಾ? ತಲೆ ಬೆಳ್ಳಗಾಗಿದೆಯಲ್ಲೋ, ಇನ್ನು ಹುಡುಗ ಅಂತ ಹೇಗೆ ಕರೆಯೋದು? ಏನು, ಸೋಫಾ ರಿಪೇರಿನಾ?"

"ಇಲ್ಲ ಅಪ್ಪಾಜಿ... ಜಂಬನ್ನ ನೋಡ್ಕೊಂಡು ಹೋಗೋಣ ಅಂತ."

ಅವಳ ಮುಖ ಬಿಗಿಯಿತು. 'ಮತ್ತೆ ಜಂಬನೇ!'

ಅವನು ಬಂದು ನಾಯಿಯ ಆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತ. ಹೊಟ್ಟೆಯಡಿ ಕೈ ಕೊಟ್ಟ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಜಂಬ... ನಿನ್ನ ಯಜಮಾನಿಗೆ ಹೇಳು..."

"ಏಯ್!" ಅಪ್ಪ ಸುತ್ತಿಗೆಯನ್ನು ಕೆಳಗಿಟ್ಟರು. "ಆ ನಾಯಿಗೆ ಕಿವಿ ಕೇಳಿಸೋದು ನಿಂತು ಕಾಲವಾಯ್ತು! ಪಟಾಕಿ ಹೊಡೆದ್ರೂ ತಿರುಗಿ ನೋಡಲ್ಲ. ಯಾರಿಗಪ್ಪಾ ಹೇಳ್ತಿದ್ದೀಯ?"

"ಗೊತ್ತು ಅಪ್ಪಾಜಿ," ಎಂದ ಅವನು ಮೆಲ್ಲಗೆ. "ಮೊದಲನೇ ದಿನವೇ ಗೊತ್ತಾಯ್ತು. ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡಿದ್ದೆ."

ಅವಳು ತಿರುಗಿದಳು. "ಗೊತ್ತಿತ್ತಾ? ಮತ್ತೆ ಇಷ್ಟು ದಿನ ಜಂಬ, ಜಂಬ ಅಂತ..."

"ನಿಂಗೂ ಗೊತ್ತಿತ್ತಲ್ಲ."

ಹೌದು, ಅವಳಿಗೂ ಗೊತ್ತಿತ್ತು. ವಾರಗಟ್ಟಲೆ ಇಬ್ಬರೂ ಒಂದು ಕಿವುಡು ನಾಯಿಯ ಹತ್ತಿರ ಮನಸ್ಸು ತೋಡಿಕೊಂಡಿದ್ದರು.

"ಇಬ್ಬರಿಗೂ ಗೊತ್ತಿತ್ತು... ಚೆನ್ನಾಗಿದೆ! ಈಡೂ ಸರಿ, ಜೋಡೂ ಸರಿ!" ಎಂದ ಅಪ್ಪ, ಎದ್ದು ಚಪ್ಪಲಿ ಮೆಟ್ಟಿದರು. "ಅಂಟು ಮುಗಿದಿದೆ, ತರೋಕೆ ಹೋಗ್ತೀನಿ." ಅಂಟಿನ ಡಬ್ಬ ಬೆಂಚಿನ ಮೇಲೆ ತುಂಬಿ ತುಳುಕುತ್ತಿತ್ತು.

ಅಂಗಡಿಯಲ್ಲಿ ಮೂವರೇ ಉಳಿದರು. ಜಂಬ ಬೀದಿಯ ಕಡೆ ನೋಡುತ್ತ ನೆಮ್ಮದಿಯಾಗಿ ನಿಂತಿದ್ದ.

"ನಂಗೆ ಮಾತು ಬರಲ್ಲ," ಎಂದ ಅವನು.

"ಬರುತ್ತೆ. ನಾಯಿ ಹತ್ರ ಚೆನ್ನಾಗೇ ಆಡ್ತೀಯ."

ಅವನು ಮುಖ ಎತ್ತಿದ. ಅವಳ ಕಣ್ಣನ್ನೇ ನೋಡಿದ. ಇಷ್ಟು ಹತ್ತಿರದಿಂದ, ಇಷ್ಟು ನೇರವಾಗಿ ಅವನು ಎಂದೂ ನೋಡಿರಲಿಲ್ಲ.

"ಹೆದರಿದ್ದೆ," ಎಂದ. "ನಿನ್ನ ಕೇಳಿ, ನೀನು ಇಲ್ಲ ಅಂದ್ರೆ ಹೇಗೆ ಬದುಕೋದು ಅಂತ ಹೆದರಿದ್ದೆ. ನಾಯಿ ಬರದಿದ್ರೆ, ನಾಯಿ ಬರ್ಲಿಲ್ಲ ಅಷ್ಟೇ ಅಂತ ಸಮಾಧಾನ ಮಾಡ್ಕೋಬೋದಿತ್ತು."

"ಆಯ್ತಾ ಸಮಾಧಾನ?"

"ಒಂದು ದಿನವೂ ಆಗ್ಲಿಲ್ಲ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. "ನಾನಾದ್ರೂ ಒಂದು ಫೋನ್ ಮಾಡ್ಬೋದಿತ್ತು. ಜಂಬನ ಕಾಲಿಗೆ ಪೆಟ್ಟಾಗಿದೆ ಅಂತ ಒಂದು ಮಾತು ಸಾಕಿತ್ತು. ಬಿಂಕ ಅಡ್ಡ ಬಂತು. ನಿಂದೊಂದೇ ತಪ್ಪಲ್ಲ."

"ನಂದೇ ಜಾಸ್ತಿ."

"ಅದು ಹೌದು."

ಇಬ್ಬರೂ ಅಳುತ್ತಲೇ ನಕ್ಕರು. ಜಂಬನ ಹೊಟ್ಟೆಯಡಿ ಅವನ ಬೆರಳುಗಳು ಅವಳ ಬೆರಳುಗಳನ್ನು ಹುಡುಕಿ ಹಿಡಿದುಕೊಂಡವು.

"ನನ್ನ ಮದುವೆ ಆಗ್ತೀಯಾ?" ಎಂದ ಅವನು. "ಜಂಬನ್ನ ಕೇಳ್ತಿಲ್ಲ. ನಿನ್ನ ಕೇಳ್ತಿದ್ದೀನಿ. ಇಲ್ಲ ಅಂದ್ರೂ ಇಲ್ಲೇ ಕೂತು ಕೇಳಿಸ್ಕೋತೀನಿ. ಈ ಸಲ ಎದ್ದು ಹೋಗಲ್ಲ."

ಅವಳು ತುಂಬ ಹೊತ್ತು ಅವನನ್ನೇ ನೋಡಿದಳು.

"ಇನ್ನೊಂದ್ಸಲ ಕೇಳು."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಇಷ್ಟು ವರ್ಷ ಕಾದಿದ್ದಕ್ಕೆ ಒಂದೇ ಸಲ ಕೇಳಿ ಮುಗಿಸ್ತೀಯಾ?"

"ನನ್ನ ಮದುವೆ ಆಗ್ತೀಯಾ?"

"ಹ್ಞೂಂ."

ಅವನು ಉಸಿರು ಬಿಟ್ಟ. ಅವಳು ತಲೆ ಬಗ್ಗಿಸಿ, ಜಂಬನ ಬೆನ್ನ ಮೇಲಿಂದ ತನ್ನ ಹಣೆಯನ್ನು ಅವನ ಹಣೆಗೆ ತಾಗಿಸಿದಳು.

"ಇವತ್ತಿಗೆ ಸಾಕು ಮಾಡೋಣ ಕಣೋ," ಎಂದಳು ಅವಳು ಮೆಲ್ಲಗೆ. "ಕಾಲು ನಡುಗ್ತಿದೆ."

ಅವನು ಥಟ್ಟನೆ ಜಂಬನ ತೊಡೆ ಮುಟ್ಟಿ ನೋಡಿದ. "ಇಲ್ವಲ್ಲ! ಗಟ್ಟಿಯಾಗೇ ನಿಂತಿದ್ದಾನೆ..."

"ಅವಂದಲ್ಲ. ನಂದು."